ಮಂಗಳವಾರದ ಖರ್ಚು

ನಮ್ಮ ಮನೆಯಲ್ಲಿ ಮಾತ್ರೆ ನಿಂತದ್ದು 2023ರ ಜೂನ್‌ನಲ್ಲಿ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದ ಹೊಗೆಸೊಪ್ಪಿನ ಮನೆಗಳಿಗೆ ಜೂನ್ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಗೊಬ್ಬರ, ಕೂಲಿ, ಸೌದೆ, ಸೊಪ್ಪು ಹದಮಾಡುವ ಬ್ಯಾರನ್ ರಿಪೇರಿ, ಅದರ ಮೇಲೆ ಮಕ್ಕಳ ಶಾಲೆ ಫೀಸು. ದುಡ್ಡೆಲ್ಲ ಹೋಗುವ ಕಾಲ ಅದು. ಬರುವುದು ಹರಾಜು ಮಾರುಕಟ್ಟೆ ಬಾಗಿಲು ತೆರೆದ ಮೇಲೆ. ಅಂಥ ಹೊತ್ತಿನಲ್ಲಿ ಯಾವ ಮನೆಯಾದರೂ ಮೊದಲು ಕೈಬಿಡುವುದು, ಇವತ್ತು ನಿಲ್ಲಿಸಿದರೆ ಇವತ್ತೇ ನೋವು ಕಾಣಿಸದ ಖರ್ಚನ್ನು. ತಮ್ಮನ ಚಿಕಿತ್ಸೆ ನಮಗೆ ಅಂಥ ಖರ್ಚಾಗಿ ಕಂಡಿತು.

ತಮ್ಮನಿಗೆ ಬೈಪೋಲಾರ್ ಎಂಬ ಮನೋರೋಗ. ಇದನ್ನು ಅವನಿಗೆ ಓದಿ ಹೇಳಿ, ಅವನು ‘ಬರಿ’ ಎಂದ ಮೇಲೆಯೇ ಬರೆಯುತ್ತಿದ್ದೇನೆ. ಲಿಥಿಯಂ ಮಾತ್ರೆಯಲ್ಲಿ ಅವನು ಚೆನ್ನಾಗಿದ್ದ. ಹೊಲ, ಬ್ಯಾರನ್, ಹಾಲಿನ ಡೇರಿ ಎಲ್ಲ ನೋಡಿಕೊಳ್ಳುತ್ತಿದ್ದ. ಚಿಕಿತ್ಸೆಗೆ ಮೈಸೂರಿಗೂ ಹೋಗಬೇಕಿರಲಿಲ್ಲ. ಮನೋಚೈತನ್ಯ ಕಾರ್ಯಕ್ರಮ ಬಂದಾಗಿನಿಂದ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಬರುತ್ತಾರೆ. ಇದರ ಬೇರು ನಮ್ಮ ರಾಜ್ಯದಲ್ಲೇ ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಹಳ್ಳಿ ಹತ್ತಿರದ ಆಸ್ಪತ್ರೆಗಳಲ್ಲೇ, ಕೆಲವೇ ಬಗೆಯ ಮಾತ್ರೆಗಳಿಂದ ಮನೋರೋಗಕ್ಕೆ ಚಿಕಿತ್ಸೆ ಕೊಡಬಹುದೆಂದು ಮಾಡಿ ತೋರಿಸಿದರು. ಅದೇ ಮಾದರಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹೋಯಿತು. ಅಂದರೆ ಹುಣಸೂರಿನ ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರದಲ್ಲಿ ನಮಗೆ ಬೇಕಾದ್ದು ಇತ್ತು.

ಆದರೂ ಬಿಟ್ಟೆವು. ಲಿಥಿಯಂನಿಂದ ಕೈ ಸಣ್ಣಗೆ ನಡುಗುತ್ತದೆ. ಕಡ್ಡಿಗೆ ಸೊಪ್ಪು ಕಟ್ಟುವಾಗ ದಾರ ಬೆರಳಿಂದ ಜಾರಿ, ಪಕ್ಕದಲ್ಲಿ ಕೂತ ಹೆಂಗಸರು ಅವನ ಎರಡರಷ್ಟು ಕಟ್ಟಿ ಮುಗಿಸುತ್ತಿದ್ದರು. ಅದು ಅವನಿಗೆ ಅವಮಾನ. ಅವ್ವನಿಗೆ ಬೇರೆಯೇ ಲೆಕ್ಕ. ‘ಚೆಂದಾಗವ್ನೆ ಬುಡವ್ವ, ಇನ್ನೆಷ್ಟ್ ದಿನ ಮಾತ್ರೆ ನುಂಗಾನು?’ ಚೆನ್ನಾಗಿರುವುದೇ ಮಾತ್ರೆಯಿಂದ ಎನ್ನುವುದು ಮನೆಯವರಿಗೆ ಕಾಣುವುದಿಲ್ಲ. ಕಾಣುವುದು ಮಂಗಳವಾರದ ಖರ್ಚು. ಅದನ್ನೇ ಬಿಡಿಸಿ ನೋಡೋಣ.

ಊರಿಂದ ಹುಣಸೂರಿಗೆ ಹೋಗಿಬರಲು ಬಸ್ಸಿಗೆ ಆಗ 50 ರೂಪಾಯಿ. ಜೊತೆಗೆ ಹೋಗುವವಳು ನಾನು. ಅದೇ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಉಚಿತ ಮಾಡುವ ಶಕ್ತಿ ಯೋಜನೆ ಬಂದು ನನಗೆ ಟಿಕೆಟ್ ದುಡ್ಡು ಉಳಿಯಿತು, ಅವನಿಗೆ ಇಲ್ಲ. ಊಟ, ಕಾಫಿ 100. ಲಿಥಿಯಂ ಆಸ್ಪತ್ರೆಯಲ್ಲಿ ಇದ್ದರೆ ಉಚಿತ. ಸ್ಟಾಕ್ ಇಲ್ಲದಿದ್ದರೆ ಹೊರಗೆ ಕೊಳ್ಳಬೇಕು. ಪ್ರತಿ ತಿಂಗಳೂ ಹೊರಗೇ ಕೊಂಡೆವು ಎಂದು ಹಿಡಿದು 250. ಒಂದು ದಿನದ ಕೂಲಿ ತಪ್ಪಿದ್ದು 600. ಇಲ್ಲಿಗೆ 1,000. ಲಿಥಿಯಂ ಮಟ್ಟ, ಮೂತ್ರಪಿಂಡ, ಥೈರಾಯ್ಡ್ ನೋಡುವ ರಕ್ತಪರೀಕ್ಷೆ ನಾಲ್ಕು ತಿಂಗಳಿಗೊಮ್ಮೆ 1,200, ತಿಂಗಳಿಗೆ ಹಂಚಿದರೆ 300. ಒಟ್ಟು ತಿಂಗಳಿಗೆ 1,300, ವರ್ಷಕ್ಕೆ 15,600. ಗಮನಿಸಿ: ಇದರಲ್ಲಿ ಹೆಚ್ಚುಕಡಿಮೆ ಅರ್ಧ, ತಪ್ಪಿದ ಕೂಲಿ. ಮಾತ್ರೆ ಐದರಲ್ಲಿ ಒಂದು ಪಾಲೂ ಇಲ್ಲ. ‘ಮಾತ್ರೆ ಖರ್ಚು’ ಎಂದು ನಾವು ದೂರುತ್ತಿದ್ದದ್ದು ಮಾತ್ರೆಯ ಖರ್ಚೇ ಆಗಿರಲಿಲ್ಲ.

ಜೂನ್‌ನಿಂದ ಅಕ್ಟೋಬರ್‌ವರೆಗೆ ಐದು ತಿಂಗಳು. ಉಳಿದದ್ದು 6,500 ರೂಪಾಯಿ.

ಗೌರಿ-ಗಣೇಶ ಹಬ್ಬದ ಹೊತ್ತಿಗೆ ನಿದ್ದೆ ಕಡಿಮೆಯಾಯಿತು. ರಾತ್ರಿ ಎರಡು ಗಂಟೆಗೆ ಎದ್ದು ಬ್ಯಾರನ್ ಸುತ್ತ ಗುಡಿಸುತ್ತಿದ್ದ. ಫೋನು ಕೆಳಗಿಡುತ್ತಿರಲಿಲ್ಲ. ಶುಂಠಿ ಹಾಕುತ್ತೇನೆಂದು ಕೋಟೆ ಕಡೆ ಜಮೀನು ಗುತ್ತಿಗೆಗೆ ನೋಡಿ, ಕಾಗದವಿಲ್ಲದೆ 40,000 ಅಡ್ವಾನ್ಸ್ ಕೊಟ್ಟುಬಂದ. ಆ ವಾರವೇ ಸಾಲದ ಮೇಲೆ ಬೈಕು, ಡೌನ್ ಪೇಮೆಂಟ್ 25,000. ಆಯುಧಪೂಜೆ ದಿನ ಅದಕ್ಕೆ ಬಾಳೆಕಂದು ಕಟ್ಟಿ, ಬೂದುಗುಂಬಳಕಾಯಿ ಒಡೆದು, ಊರಿಗೆಲ್ಲ ಸಿಹಿ ಹಂಚಿದ. ಅವನಷ್ಟು ಖುಷಿಯಾಗಿದ್ದವರು ಅವತ್ತು ಊರಲ್ಲಿ ಯಾರೂ ಇರಲಿಲ್ಲ. ಅದಾದ ವಾರದೊಳಗೆ ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಅಡ್ಮಿಟ್ ಮಾಡಿಸಿದೆವು.

ಅಡ್ಮಿಷನ್ ಬಿಲ್ಲು 62,000. ಹೊಸ ವೈದ್ಯರು, ಹೊಸ ಫೈಲು. ಎಲ್ಲ ಪರೀಕ್ಷೆಗಳೂ ಮೊದಲಿಂದ, 9,000. ಬಿಡುಗಡೆಯಾದ ಮೇಲೂ ಐದು ತಿಂಗಳು ಅಲ್ಲಿಗೇ ಓಡಾಟ: ಫೀಸು, ಕಂಪನಿ ಮಾತ್ರೆ, ಬಸ್ಸು ಸೇರಿ ತಿಂಗಳಿಗೆ 4,000ದಂತೆ 20,000. ಬೈಕನ್ನು ಶೋರೂಮಿಗೆ ಹಿಂದಿರುಗಿಸಿದೆವು, ಕಟ್ಟಿದ 25,000 ಬರಲಿಲ್ಲ. ಶುಂಠಿ ಜಮೀನಿನ 40,000ವೂ ಅಷ್ಟೇ. ಇದಕ್ಕೆ ಬಹುಪಾಲು ದುಡ್ಡು ಬಂದದ್ದು ಅವ್ವನ ಸರ ಅಡವಿಟ್ಟು: ಒಂದು ಲಕ್ಷ, ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ, ಬಿಡಿಸಿಕೊಳ್ಳಲು ಹದಿನಾಲ್ಕು ತಿಂಗಳು. ಬಡ್ಡಿಯೇ 28,000. ಎಲ್ಲ ಕೂಡಿಸಿದರೆ 1,84,000 ರೂಪಾಯಿ. ತಮ್ಮ ಕೆಲಸಕ್ಕೆ ಹೋಗದ ದಿನಗಳ ಕೂಲಿಯನ್ನು ಇದಕ್ಕೆ ಸೇರಿಸಿಲ್ಲ, ಅರ್ಧಂಬರ್ಧ ಹದವಾಗಿ ಹರಾಜಿನಲ್ಲಿ ಕೆಳಗಿನ ಗ್ರೇಡಿಗೆ ಹೋದ ಸೊಪ್ಪಿನ ನಷ್ಟವನ್ನೂ ಸೇರಿಸಿಲ್ಲ. ವರ್ಷಕ್ಕೆ 15,600ರಂತೆ ಭಾಗಿಸಿ ನೋಡಿ. ಹೆಚ್ಚುಕಡಿಮೆ ಹನ್ನೆರಡು ವರ್ಷದ ಮಂಗಳವಾರಗಳು.

ಇಲ್ಲಿಗೆ ನಿಲ್ಲಿಸಿದರೆ ‘ಮಾತ್ರೆ ಬಿಡಬೇಡಿ’ ಎಂಬ ಬುದ್ಧಿವಾದ ಆಗುತ್ತದೆ. ಅದನ್ನು ಎಲ್ಲರೂ ಹೇಳುತ್ತಾರೆ, ಆದರೂ ಜನ ಬಿಡುತ್ತಾರೆ. ನನ್ನ ಮಾತು ಬೇರೆ. ಮೇಲಿನ ಪಟ್ಟಿಯ ಪ್ರತಿಯೊಂದು ರೂಪಾಯಿಯೂ ಖರ್ಚಾದದ್ದು ಗೌರಿ-ಗಣೇಶ ಹಬ್ಬದ ನಂತರ, ಅಂದರೆ ನಿದ್ದೆ ಕೆಟ್ಟಿದ್ದು ನಮ್ಮ ಕಣ್ಣಿಗೆ ಬಿದ್ದ ಮೇಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಟ್ಟದ್ದಕ್ಕೆ ನಮ್ಮ ಕೈಯಿಂದ ಒಂದು ಪೈಸೆ ಹೋಗಿರಲಿಲ್ಲ. ನಿದ್ದೆ ಕೆಟ್ಟ ವಾರವೇ ಹಳೆ ಚೀಟಿ ಹಿಡಿದು ತಾಲ್ಲೂಕು ಆಸ್ಪತ್ರೆಯ ಅದೇ ಒಪಿಡಿಗೆ, ಅಂದರೆ ಹೊರರೋಗಿ ವಿಭಾಗಕ್ಕೆ, ಹೋಗಿದ್ದರೆ 1,300, ರಕ್ತಪರೀಕ್ಷೆ ಪೂರ್ತಿ ಹಿಡಿದರೂ 2,200. ಬಿಟ್ಟದ್ದಕ್ಕಿಂತ ದುಬಾರಿಯಾದದ್ದು ಮರಳಲು ತಡಮಾಡಿದ್ದು, ಮರಳುವಾಗ ಬೇರೆ ಬಾಗಿಲು ಹುಡುಕಿದ್ದು.

ಯಾಕೆ ಹೋಗಲಿಲ್ಲ? ‘ಡಾಕ್ಟ್ರು ಬೈತಾರೆ ಕಣಕ್ಕ’ ಎಂದ ತಮ್ಮ. ಇದೊಂದೇ ಮಾತು. ಫೈಲಿನಲ್ಲಿ ಮೇ ತಿಂಗಳ ನಂತರ ಖಾಲಿ ಇರುತ್ತದೆ, ಏನು ಹೇಳುವುದು ಎಂಬ ಸಂಕೋಚ ಅವ್ವನಿಗೂ. ಹೊಸ ಆಸ್ಪತ್ರೆಯಲ್ಲಾದರೆ ಯಾರಿಗೂ ಹಳೆಯದು ಗೊತ್ತಿಲ್ಲ. ನಾಲ್ಕೂ ತಾಲ್ಲೂಕುಗಳಲ್ಲಿ ಪರಿಚಯದ ಮನೆಗಳವರೊಡನೆ ಮಾತಾಡಿದ್ದೇನೆ, ಇದೇ ಮಾತು ಬರುತ್ತದೆ. ಬೈಗುಳದ ಭಯಕ್ಕೆ ಜನ ಲಕ್ಷಗಟ್ಟಲೆ ತೆರುತ್ತಾರೆ. ಕೆಲವರು ಅದಕ್ಕೆ ಮೈಕ್ರೋ ಫೈನಾನ್ಸ್ ಸಾಲ ತೆಗೆಯುತ್ತಾರೆ.

ಮರುವರ್ಷ ಬೇಸಿಗೆಯಲ್ಲಿ ಕೊನೆಗೂ ತಾಲ್ಲೂಕು ಆಸ್ಪತ್ರೆಗೇ ಮರಳಿದೆವು. ಡಾಕ್ಟರು ಬೈಯಲಿಲ್ಲ. ಕೊನೆಯ ಮಾತ್ರೆ ಯಾವಾಗ ನುಂಗಿದ್ದು, ಯಾಕೆ ಬಿಟ್ಟದ್ದು, ಈಗ ರಾತ್ರಿ ಎಷ್ಟು ಗಂಟೆ ನಿದ್ದೆ ಎಂದು ಕೇಳಿದರು. ಕೈ ನಡುಕ ಎಂದಾಗ, ‘ಅದನ್ನ ಮೊದಲೇ ಹೇಳಬಾರ್ದಾ’ ಎಂದು ಡೋಸು ಹೊಂದಿಸಿದರು. ಅಷ್ಟು ಸಣ್ಣದಕ್ಕೆ ಪರಿಹಾರ ಅಲ್ಲೇ ಇತ್ತು. ಅವರು ಹೇಳಿದ ಇನ್ನೆರಡು ಮಾತು ಹೊಗೆಸೊಪ್ಪಿನ ಕಡೆಯ ಪ್ರತಿ ಮನೆಗೂ ತಿಳಿದಿರಬೇಕು. ಬ್ಯಾರನ್ ಉರಿಯ ಮುಂದೆ ಬೆವರಿ, ನೀರು ಕುಡಿಯದಿದ್ದರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು. ಸೊಂಟನೋವಿಗೆಂದು ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳಿಂದಲೂ ಅದು ಏರುತ್ತದೆ. ಹಾಗಾಗಿಯೇ ಬಿಟ್ಟವರು ಟ್ರಂಕಿನಲ್ಲಿ ಉಳಿದ ಹಳೆ ಮಾತ್ರೆಗಳನ್ನು ತೆಗೆದು ತಾವೇ ಶುರುಮಾಡಬಾರದು. ರಕ್ತ ನೋಡಿ ಡಾಕ್ಟರು ಡೋಸು ಹೇಳಬೇಕು. ರಕ್ತ ಕೊಡುವುದು ಕೊನೆಯ ಮಾತ್ರೆ ನುಂಗಿ 12 ಗಂಟೆ ಆದ ಮೇಲೆ. ಬೆಳಗಿನ ಮಾತ್ರೆ ನುಂಗಿ ಲ್ಯಾಬಿಗೆ ಹೋದರೆ ಕೊಟ್ಟ ದುಡ್ಡು ದಂಡ.

ವಿಮೆ ಇರಲಿಲ್ಲವೇ ಎಂದು ಕೇಳುವವರಿಗೆ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21(4)ನೇ ಸೆಕ್ಷನ್ ಪ್ರಕಾರ ಮೈಯ ಕಾಯಿಲೆಗೆ ಇರುವ ಕವರ್ ಮನಸ್ಸಿನ ಕಾಯಿಲೆಗೂ ಇರಬೇಕು. 2022ರ ಅಕ್ಟೋಬರ್‌ನಲ್ಲಿ ವಿಮಾ ನಿಯಂತ್ರಕ ಐಆರ್‌ಡಿಎಐ ಮತ್ತೊಮ್ಮೆ ಕಂಪನಿಗಳಿಗೆ ತಾಕೀತು ಮಾಡಿದೆ. ಪಾಲಿಸಿಗೆ ಮೊದಲೇ ಇದ್ದ ಕಾಯಿಲೆಗೆ (ಪಿಇಡಿ) ಕಾಯಿಸುವ ಅವಧಿ 36 ತಿಂಗಳು ಮೀರುವಂತಿಲ್ಲ. ಮೊರಟೋರಿಯಂ, ಅಂದರೆ ಮುಗಿದ ಮೇಲೆ ವಂಚನೆ ಇಲ್ಲದೆ ಕ್ಲೇಮು ಪ್ರಶ್ನಿಸಲಾಗದ ಅವಧಿ, 60 ತಿಂಗಳು. ಪ್ರಪೋಸಲ್ ಫಾರಂನಲ್ಲಿ ಕಾಯಿಲೆ ಮುಚ್ಚಿಡಬೇಡಿ, ನಡುವೆ ಚಿಕಿತ್ಸೆ ಬಿಟ್ಟದ್ದನ್ನೂ ಬರೆಯಿರಿ. ಬಿಪಿಎಲ್‌ನವರಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ 5 ಲಕ್ಷ ಇದೆ. ಆದರೆ ಇವೆಲ್ಲ ಆಸ್ಪತ್ರೆಯಲ್ಲಿ ಅಡ್ಮಿಟ್ ಆದವರಿಗೆ. ಈ ಕಾಯಿಲೆಯ ತಿಂಗಳು ತಿಂಗಳಿನ ಖರ್ಚು ಇರುವುದು ಒಪಿಡಿಯಲ್ಲಿ.

ಅದನ್ನೇ ಬಂಡವಾಳ ಮಾಡಿಕೊಂಡು ಈಗ ‘ಒಪಿಡಿ ರೈಡರ್’ ಎಂಬ ಹೆಚ್ಚುವರಿ ವಿಮೆ ಮಾರಲು ಮನೆ ಬಾಗಿಲಿಗೆ ಬರುತ್ತಾರೆ. ನನಗೆ ತೋರಿಸಿದ ಒಂದರಲ್ಲಿ ವರ್ಷಕ್ಕೆ 4,200 ಹೆಚ್ಚುವರಿ ಪ್ರೀಮಿಯಂ, ಮಿತಿ 5,000, ಮೇಲೆ 20 ಪರ್ಸೆಂಟ್ ಕೋ-ಪೇ, ಅಂದರೆ ಬಿಲ್ಲಿನಲ್ಲಿ ಅಷ್ಟು ನಾವೇ ಕೊಡಬೇಕು. ಪೂರ್ತಿ ಮಿತಿ ಬಳಸಿದರೂ ಕೈಗೆ ಬರುವುದು 4,000. ಕೊಟ್ಟದ್ದು 4,200! ನೆಟ್‌ವರ್ಕ್ ಕ್ಲಿನಿಕ್ ಎಲ್ಲಿದೆ ಎಂದರೆ ಮೈಸೂರು. ತಪ್ಪಿದ ಕೂಲಿ ಕೊಡುತ್ತೀರಾ, ಇಲ್ಲ. ಬಸ್ ಚಾರ್ಜು, ಇಲ್ಲ. ಸರ್ಕಾರಿ ಆಸ್ಪತ್ರೆಯ ಉಚಿತ ಮಾತ್ರೆಗೆ ಬಿಲ್ಲೇ ಇರುವುದಿಲ್ಲ, ಕ್ಲೇಮು ಯಾವುದಕ್ಕೆ? ನಮ್ಮದೇ ದುಡ್ಡನ್ನು ಕಡಿಮೆ ಮಾಡಿ ವಾಪಸು ಕೊಡುವುದಕ್ಕೆ ನಮ್ಮಿಂದಲೇ ಅರ್ಜಿ ಬರೆಸಿಕೊಳ್ಳುವ ಇಂಥದ್ದನ್ನು ಕಷ್ಟದಲ್ಲಿರುವ ಮನೆಗೆ ಮಾರುವುದು ಅನ್ಯಾಯ. ನಮ್ಮ ಕಡೆ ಯಾರೂ ಇದನ್ನು ಕೊಳ್ಳಬಾರದು. ಆ 4,200ರಲ್ಲಿ ಮೂರು ತಿಂಗಳ ಮಂಗಳವಾರ ನಡೆದು ಇನ್ನೂ 300 ರೂಪಾಯಿ ಉಳಿಯುತ್ತದೆ.

ಅದೇ ಕಾಯ್ದೆಯ 18ನೇ ಸೆಕ್ಷನ್ ಬಗ್ಗೆ ಮಾತ್ರ ಯಾರೂ ಮನೆ ಬಾಗಿಲಿಗೆ ಬಂದು ಹೇಳುವುದಿಲ್ಲ. ಪಟ್ಟಿಯಲ್ಲಿರುವ ಅಗತ್ಯ ಔಷಧಿಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲೂ ಸದಾ ಉಚಿತವಾಗಿ ಸಿಗಬೇಕು ಎನ್ನುತ್ತದೆ ಅದು. ‘ಸ್ಟಾಕ್ ಇಲ್ಲ’ ಎಂದರೆ ಸುಮ್ಮನೆ ಬರಬೇಡಿ. ಚೀಟಿಯ ಮೇಲೆ ಹಾಗೆಂದು ಬರೆಸಿಕೊಳ್ಳಿ, ಆಡಳಿತ ವೈದ್ಯಾಧಿಕಾರಿಗೆ ತೋರಿಸಿ.

ಉಳಿತಾಯದ ವಿಷಯಕ್ಕೆ ಬಂದರೆ, ನಮ್ಮ ಆದಾಯ ಹರಾಜಿನ ತಿಂಗಳುಗಳಲ್ಲಿ, ಚಿಕಿತ್ಸೆ ಬಿಡುವುದು ನಾಟಿಯ ತಿಂಗಳುಗಳಲ್ಲಿ. ಹಾಗಾಗಿ ಸೊಪ್ಪಿನ ಮೊದಲ ಬೇಲಿನ ದುಡ್ಡು ಖಾತೆಗೆ ಬಿದ್ದ ದಿನವೇ 15,600 ರೂಪಾಯಿಯನ್ನು ಬೇರೆ ಖಾತೆಗೆ ಹಾಕಿ. ಗೃಹಲಕ್ಷ್ಮಿಯ 2,000 ಬರುವ ಅವ್ವನ ಖಾತೆಯೇ ಸಾಕು, ಆದರೆ ಎಟಿಎಂ ಕಾರ್ಡು ಮನೆಯ ಗಂಡಸರ ಜೇಬಿನಲ್ಲಿ ಇರಬಾರದು. ಫೈಲನ್ನು ರೇಷನ್ ಕಾರ್ಡಿನ ಜೊತೆ ಇಡಿ. ಕಾಯಿಲೆಯವರ ಒಡವೆ-ಸಾಲದ ಸಹಿಗೆ ಮನೆಯ ಇನ್ನೊಬ್ಬರು ಜೊತೆಗಿರಲಿ ಎಂದು, ಚೆನ್ನಾಗಿರುವಾಗಲೇ ಅವರ ಜೊತೆ ಕೂತು ಮಾತಾಡಿ ಒಪ್ಪಿಸಿ. ನಮ್ಮ ತಮ್ಮ ಒಪ್ಪಿದ, ಹತ್ತು ಸಾವಿರ ಮೀರಿದರೆ ಇನ್ನೊಬ್ಬರು ಜೊತೆಗಿರಬೇಕು ಎಂಬ ಗೆರೆ ಹಾಕಿದ್ದೂ ಅವನೇ. ನಿದ್ದೆ ಎಷ್ಟಾಯಿತೆಂದು ಕ್ಯಾಲೆಂಡರಿನಲ್ಲಿ ಅವನೇ ಬರೆಯುತ್ತಾನೆ. ಎರಡು ರಾತ್ರಿ ನಾಲ್ಕು ಗಂಟೆಗಿಂತ ಕಡಿಮೆಯಾದರೆ ಮಂಗಳವಾರಕ್ಕೆ ಕಾಯುವುದಿಲ್ಲ, 14416ಕ್ಕೆ ಫೋನು. ಅದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಿಂದ ಇದೆ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಬ್ಯಾರನ್‌ಗೆ ಬೆಂಕಿ ಹಾಕಿದರೆ ಐದಾರು ದಿನ ಹಗಲೂ ರಾತ್ರಿ ಯಾರಾದರೂ ಇರಲೇಬೇಕು. ಮಂಗಳವಾರ ಬಂತೆಂದು ಬಿಟ್ಟುಹೋಗಲಾಗದು. ಇದನ್ನು ಡಾಕ್ಟರಿಗೆ ಮೇ ತಿಂಗಳಲ್ಲೇ ಹೇಳಿ. ನಾವು ಹೇಳಿದಾಗ, ರಕ್ತದ ರಿಪೋರ್ಟು ಸರಿಯಿದ್ದರಿಂದ ಎರಡು ತಿಂಗಳ ಮಾತ್ರೆ ಒಟ್ಟಿಗೆ ಬರೆದುಕೊಟ್ಟರು. ನಿಮ್ಮ ತಾಲ್ಲೂಕಿಗೆ ಡಾಕ್ಟರು ಬರುವುದು ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಬಿಟ್ಟು ವರ್ಷವಾಗಿದ್ದರೂ ಪರವಾಗಿಲ್ಲ, ಹಳೆ ಚೀಟಿ ಕಳೆದಿದ್ದರೂ ಪರವಾಗಿಲ್ಲ; ಹೆಸರು, ಊರು, ಸುಮಾರು ಯಾವ ವರ್ಷ ಎಂದು ಹೇಳಿದರೆ ಹಳೆ ರಿಜಿಸ್ಟರ್ ತೆಗೆದು ನೋಡುತ್ತಾರೆ. ನಮ್ಮದನ್ನೂ ಹಾಗೇ ಹುಡುಕಿಕೊಟ್ಟರು.