ಮೊದಲು ಹುಬ್ಬಳ್ಳಿ, ಆಮೇಲೆ ಜರ್ಮನಿ

ನಮ್ಮಣ್ಣನ ಮಗಳು ನರ್ಸಿಂಗ್ ಮುಗಿಸಿದ್ದಾಳೆ. ಜರ್ಮನ್ ಕಲಿಯಲು ಅವಳನ್ನು ಎಂಟು ತಿಂಗಳು ಜರ್ಮನಿಗೇ ಕಳಿಸುವುದು, ಅದಕ್ಕಾಗಿ ಮೆಣಸಗಿಯ ಎರಡೆಕರೆ ಎರಿ ಹೊಲ ಮಾರುವುದು ಎಂದು ಅಣ್ಣ ಲೆಕ್ಕ ಹಾಕಿದ್ದ. "ಅಲ್ಲೇ ಇದ್ದು ಕಲಿತ್ರ ಲಗೂನ ಬರ್ತೈತಿ ಕಾಕಾ" ಎಂದಳು ಹುಡುಗಿ. ಮಾತು ಸುಳ್ಳಲ್ಲ. ನನ್ನ ತಕರಾರು ಇದ್ದದ್ದು ಏಜೆಂಟ್ ಕೊಟ್ಟ ಹಾಳೆಯ ಮೇಲೆ.

ಅದರಲ್ಲಿ ಕೋರ್ಸಿನ ಫೀ ದಪ್ಪಕ್ಷರದಲ್ಲಿತ್ತು. ಕೆಳಗೆ ಸಣ್ಣದಾಗಿ 'ಬ್ಲಾಕ್ಡ್ ಅಕೌಂಟ್, ಹಣ ವಾಪಸ್' ಎಂದಿತ್ತು. ಜರ್ಮನಿಗೆ ಓದಲು ಹೋಗುವವರು ವರ್ಷದ ಖರ್ಚು ತೋರಿಸಲು ಇಂಥ ಖಾತೆಯಲ್ಲಿ ದುಡ್ಡಿಡುತ್ತಾರೆ. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ 11,904 ಯೂರೊ. ಬರೀ ಭಾಷಾ ಕೋರ್ಸಿನ ವೀಸಾಕ್ಕೆ ತುಸು ಹೆಚ್ಚೇ ಕೇಳುವುದುಂಟು. ಯೂರೊಗೆ ನೂರು ರೂಪಾಯಿ ಹಿಡಿದರೂ ಹನ್ನೆರಡು ಲಕ್ಷದ ಹತ್ತಿರ. ವಾಪಸ್ ಬರುವುದೇನೋ ಹೌದು, ತಿಂಗಳಿಗೆ 992 ಯೂರೊದಂತೆ. ಬಂದದ್ದು ಬಾಡಿಗೆಗೆ, ವಿಮೆಗೆ, ಊಟಕ್ಕೆ ಹೋಗುತ್ತದೆ. ಎಂಟು ತಿಂಗಳಲ್ಲಿ ಸುಮಾರು ಎಂಟು ಲಕ್ಷ ಅಲ್ಲೇ ಕರಗುತ್ತದೆ, ಫೀ ಬೇರೆ.

"ಕಿಟೆಲ್ ಸಾಹೇಬ್ರು ಧಾರವಾಡಕ್ಕ ಬಂದು ಕನ್ನಡ ಕಲೀಲಿಲ್ಲೇನು?" ಎಂದ ಅಣ್ಣ. ಕಲಿತರು. 1853ರಲ್ಲಿ ಬಂದವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ, ಅವರನ್ನು ಕಳಿಸಿದ್ದು ಬಾಸೆಲ್ ಮಿಷನ್. ಹೊಲ ಮಾರಿ ಬಂದವರಲ್ಲ ಅವರು.

ಜರ್ಮನಿಯಲ್ಲಿ ನರ್ಸ್ ಎಂದು ಮಾನ್ಯತೆ ಸಿಗಲು ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಬೇಕು. ಅದರ ಕೆಳಗಿನ ಎ1, ಎ2ಗಳಲ್ಲಿ ಹೆಸರು ಹೇಳುವುದು, ಬೆಲೆ ಕೇಳುವುದು, ಕ್ರಿಯಾಪದ ಬಾಯಿಪಾಠ ಮಾಡುವುದು. ಇದಕ್ಕೆ ಯೂರೊದಲ್ಲಿ ಬಾಡಿಗೆ ಕಟ್ಟಬೇಕೇ? ಹುಡುಗಿ ವಾರದಲ್ಲಿ ಕೆಲವು ದಿನ ಹೊಳೆಆಲೂರಿನಲ್ಲಿ ರೈಲು ಹತ್ತಿ ಹುಬ್ಬಳ್ಳಿಗೆ ಹೋಗಿ ಕಲಿಯತೊಡಗಿದಳು. ಉಳಿದ ದಿನ ಮೊಬೈಲಿನಲ್ಲಿ ಪಾಠ. ಸಿಗ್ನಲ್ ಸಿಗುವುದು ಮಾಳಿಗೆಯ ಮೇಲೆ ಮಾತ್ರ, ಹೀಗಾಗಿ ಓಣಿಗೆಲ್ಲ ಜರ್ಮನ್ ಕೇಳಿಸುತ್ತದೆ. ಪರೀಕ್ಷೆಗೆ ಬೆಂಗಳೂರಿನ ಗೋಥೆ ಇನ್‌ಸ್ಟಿಟ್ಯೂಟ್ ಇದೆ.

ಬಿ2ಗೆ ಒಂದು ಮೆಟ್ಟಿಲು ಕೆಳಗಿನ ಬಿ1 ದಾಟಿದ ಮೇಲೆ ಹೋದರೆ ಅಲ್ಲಿನ ಪ್ರತಿ ದಿನಕ್ಕೂ ಬೆಲೆ ಬರುತ್ತದೆ. ಅಂಗಡಿ, ಬಸ್ಸು, ಪಕ್ಕದ ಮನೆಯೇ ಪಾಠಶಾಲೆ. ನರ್ಸ್‌ಗಳಿಗಂತೂ ಖರ್ಚನ್ನು ಕೆಲಸ ಕೊಡುವವರೇ ಹೊರುವ ದಾರಿಗಳೂ ಇವೆ. ಕೇರಳದ ನೋರ್ಕಾ ರೂಟ್ಸ್ ಸಂಸ್ಥೆಯ ಮೂಲಕ ನಡೆಯುವ 'ಟ್ರಿಪಲ್ ವಿನ್' ಯೋಜನೆಯಲ್ಲಿ ಬಿ1ವರೆಗಿನ ಪಾಠವೇ ಉಚಿತ.

ಹೊಲ ಮಾರಲಿಲ್ಲ, ಈ ಸಲವೂ ಅದರಲ್ಲಿ ಹೆಸರು ಬಿತ್ತಿದ್ದಾರೆ. ನಿಮ್ಮ ಮನೆಗೂ ಇಂಥ ಹಾಳೆ ಬಂದಿದ್ದರೆ, ಮುಂಗಡ ಕೊಡುವ ಮೊದಲು ಇಷ್ಟನ್ನು ಬರೆಸಿಕೊಳ್ಳಿ: ಶಾಲೆಯ ಫೀ ಎಷ್ಟು, ಏಜೆಂಟನ ಪಾಲು ಎಷ್ಟು, ವೀಸಾ ಸಿಗದಿದ್ದರೆ ಎಷ್ಟು ದುಡ್ಡು, ಎಷ್ಟು ದಿನದಲ್ಲಿ ವಾಪಸ್. ಬರೆದುಕೊಡಲು ಒಲ್ಲೆ ಎಂದವರಿಗೆ ದುಡ್ಡು ಕೊಡಬೇಡಿ.