ಹೂಳು ತೆಗೆಯಲಿಕ್ಕೂ ರೊಕ್ಕ ಬೇಕು

ಹೊಸದನ್ನು ಕಟ್ಟುವುದಕ್ಕಿಂತ, ಕಟ್ಟಿದ್ದನ್ನು ನಡೆಸಿಕೊಂಡು ಹೋಗುವುದಕ್ಕೇ ಹೆಚ್ಚು ದುಡಿಮೆ ಬೇಕು, ಹೆಚ್ಚು ದುಡ್ಡೂ ಬೇಕು. ಪ್ರೋಗ್ರಾಮರ್ ಕೆಲಸ ನನಗೆ ಕಲಿಸಿದ ದೊಡ್ಡ ಪಾಠ ಇದು. ಊರಿಗೆ ಏನಾದರೂ ಮಾಡಬೇಕು ಎನ್ನುವ ನಮ್ಮ ಕಡೆಯ ಸಾಫ್ಟ್‌ವೇರ್ ಹುಡುಗ ಹುಡುಗಿಯರಿಗೆ ನಾನು ಹೇಳುವುದೂ ಇದನ್ನೇ.

2014ರ ಏಪ್ರಿಲ್‌ನಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ದೋಷ ಬಯಲಾದಾಗ ನಮ್ಮ ಕ್ಷೇತ್ರವೇ ಬೆಚ್ಚಿಬಿದ್ದಿತ್ತು. ಪಾಸ್‌ವರ್ಡ್‌ಗಳನ್ನು ಕಾಯುವ ಓಪನ್‌ಎಸ್‌ಎಸ್‌ಎಲ್ ಎಂಬ ಉಚಿತ ತಂತ್ರಾಂಶದಲ್ಲಿತ್ತು ಆ ದೋಷ. ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳು ಅದನ್ನು ಬಳಸುತ್ತಿದ್ದವು. ಅದನ್ನು ನೋಡಿಕೊಳ್ಳುತ್ತಿದ್ದವರು ಮಾತ್ರ ಬೆರಳೆಣಿಕೆಯ ಮಂದಿ. ಅವರಿಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ನನ್ನ ಸಂಬಳ ನಿಂತಿರುವುದೂ ಇಂಥವರು ಪುಕ್ಕಟೆ ಬರೆದುಕೊಟ್ಟ ಕೋಡ್ ಮೇಲೆ. ಹಾಗಾಗಿ ನನ್ನ ತಿಂಗಳ ಲೆಕ್ಕದಲ್ಲಿ ಅಂಥದ್ದೊಂದು ಯೋಜನೆಗೂ ಸಣ್ಣ ಪಾಲಿದೆ.

ನಮ್ಮ ಎರೆ ಸೀಮೆಯಲ್ಲೂ ಪರಿಸ್ಥಿತಿ ಬೇರೆಯಲ್ಲ. ನವಲಗುಂದ, ಅಣ್ಣಿಗೇರಿ ಕಡೆ ಬೋರ್ ನೀರು ಉಪ್ಪು. ಕುಡಿಯಲು ಎಷ್ಟೋ ಊರುಗಳಿಗೆ ಕೆರೆಯೇ ಗತಿ, ಹೊಲಕ್ಕೆ ಕೃಷಿಹೊಂಡ. ಹುಬ್ಬಳ್ಳಿಯಲ್ಲಿ ಹುಟ್ಟಿ, ಅಮೆರಿಕದಲ್ಲಿ ಸಿಕಾಮೋರ್ ನೆಟ್‌ವರ್ಕ್ಸ್ ಕಟ್ಟಿದ ಗುರುರಾಜ ದೇಶಪಾಂಡೆ ಅವರ ಪ್ರತಿಷ್ಠಾನ ಈ ಭಾಗದಲ್ಲಿ ಸಾವಿರಾರು ಹೊಂಡಗಳಿಗೆ ನೆರವಾಗಿದೆ. ಸರಕಾರದ ಕೃಷಿಭಾಗ್ಯ ಯೋಜನೆಯಲ್ಲೂ ಹೊಂಡಗಳಾದವು. ಎರೆ ಮಣ್ಣಿನಲ್ಲಿ ನೀರು ಬೇಗ ಇಂಗುವುದಿಲ್ಲವಾದ್ದರಿಂದ ಹಿಂಗಾರಿ ಕಡಲೆಗೆ ಒಂದು ನೀರು ಹಾಯಿಸಲು ಹೊಂಡ ಸಾಕಾಗುತ್ತದೆ. ಆದರೆ ದೊಡ್ಡ ಮಳೆಗೆ ಅದೇ ಮಣ್ಣು ಕೊಚ್ಚಿಕೊಂಡು ಬಂದು ಹೊಂಡದ ತಳದಲ್ಲಿ ಕೂರುತ್ತದೆ. “ತಮ್ಮಾ, ತೋಡಾಕ ರೊಕ್ಕಾ ಕೊಡೋ ಮಂದಿ ಭಾಳ ಅದಾರ. ಹೂಳ ತಗಿಯಾಕ ಯಾರೂ ಬರಂಗಿಲ್ಲ” ಎಂದರು ನಮ್ಮೂರಿನ ಹಿರಿಯರೊಬ್ಬರು. ಶಾಲೆಗೆ ಕೊಟ್ಟ ಕಂಪ್ಯೂಟರ್‌ಗಳ ಹಣೆಬರಹವೂ ಅಷ್ಟೇ. ಒಂದು ಶಾಲೆಯಲ್ಲಿ ಐದೂ ಕಂಪ್ಯೂಟರ್ ಸುಸ್ಥಿತಿಯಲ್ಲಿದ್ದವು. ಯುಪಿಎಸ್ ಬ್ಯಾಟರಿ ಸತ್ತಿದ್ದಕ್ಕೆ ಕೋಣೆಗೆ ಬೀಗ ಬಿದ್ದಿತ್ತು. ಹೊಸ ಬ್ಯಾಟರಿ ಹಾಕಿಸಿದ ಮೇಲೆ ಮಕ್ಕಳು ಮತ್ತೆ ಒಳಗೆ ಬಂದರು.

ಇನ್ನು ರೊಕ್ಕದ ಲೆಕ್ಕ. ಮೊದಲು ಮನೆಯ ಕೈಸಾಲ ಹರಿಯಬೇಕು. ತಿಂಗಳಿಗೆ ನೂರಕ್ಕೆ ಮೂರು ಎಂದರೆ ವರ್ಷಕ್ಕೆ ಶೇ 36 ಬಡ್ಡಿ. ಯಾವ ಮ್ಯೂಚುವಲ್ ಫಂಡೂ ಅಷ್ಟು ಗಳಿಕೆಯ ಖಾತ್ರಿ ಕೊಡುವುದಿಲ್ಲ. ಅಪ್ಪ ಬಿತ್ತನೆಗೆಂದು ತಂದ ಅಂಥ ಸಾಲವನ್ನು ತೀರಿಸಿದ ಮೇಲೆಯೇ ನಾನು ಎಸ್‌ಐಪಿ ಶುರು ಮಾಡಿದ್ದು. ಎರಡನೆಯದು, ಆರು ತಿಂಗಳ ಖರ್ಚಿನಷ್ಟು ಉಳಿತಾಯ ಮತ್ತು ತಂದೆತಾಯಿಗೆ ಆರೋಗ್ಯ ವಿಮೆ. ಪ್ಯಾಕೇಜ್ ಎಷ್ಟೇ ದೊಡ್ಡದಿರಲಿ, ಒಂದು ಇಮೇಲ್‌ನಲ್ಲಿ ನೌಕರಿ ಹೋಗುವ ಕಾಲವಿದು. ಕೊಡುವವರ ಕಾಲು ಗಟ್ಟಿ ಇರಬೇಕು.

ಮೂರನೆಯದು ಊರಿನ ಪಾಲು. ಕೈಗೆ ಬರುವ ಸಂಬಳದ ಶೇ 2 ಎಂದುಕೊಳ್ಳಿ. 60,000 ರೂಪಾಯಿಗೆ 1,200 ಆಯಿತು. ಒಂದೇ ಊರಿನ ಅಂಥ ಹತ್ತು ಮಂದಿ ಕೂಡಿದರೆ ವರ್ಷಕ್ಕೆ 1,44,000 ರೂಪಾಯಿ. ಸಂಬಳ ಬಂದ ಮರುದಿನವೇ ಅದು ತಾನಾಗಿ ಕಡಿತವಾಗುವಂತೆ ಬ್ಯಾಂಕಿಗೆ ಹೇಳಿಬಿಡಿ. ತಿಂಗಳ ಕೊನೆಗೆ ಮಿಕ್ಕಿದ್ದನ್ನು ಕೊಡುತ್ತೇನೆ ಎಂದರೆ ಏನೂ ಮಿಗುವುದಿಲ್ಲ. ಹಣಕ್ಕೆ ಜಂಟಿ ಖಾತೆ ಇರಲಿ, ಖರ್ಚಿನ ಪಟ್ಟಿ ಊರವರೆಲ್ಲ ನೋಡುವಂತೆ ಪಂಚಾಯಿತಿ ಗೋಡೆಗೆ ಬೀಳಲಿ. ನೋಂದಾಯಿತ ಸಂಸ್ಥೆಗೆ ಕೊಡುವುದಾದರೆ, ದೇಣಿಗೆಯ ತೆರಿಗೆ ರಿಯಾಯಿತಿ ಸಿಗುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ. ನಗದಾಗಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ಅದಕ್ಕೆ ರಿಯಾಯಿತಿ ಇಲ್ಲ. ಹೊಸ ಪದ್ಧತಿಯಲ್ಲಿರುವವರು ರಿಯಾಯಿತಿ ಸಿಗದೆಂದು ಕೈ ಹಿಂದೆಗೆಯಬೇಕಿಲ್ಲ.

ರೊಕ್ಕ ಬಿಚ್ಚುವ ಮೊದಲು ಒಂದು ಪ್ರಶ್ನೆ ಕೇಳಿ: ಮುಂದಿನ ವರ್ಷ ಇದನ್ನು ನೋಡಿಕೊಳ್ಳುವವರು ಯಾರು? ಉತ್ತರ ಇಲ್ಲದ ಕಡೆ ಹೊಸದೇನನ್ನೂ ಕಟ್ಟಿಸಬೇಡಿ, ಇರುವುದನ್ನು ರಿಪೇರಿ ಮಾಡಿಸಿ.