ಹಡಗಿನ ಕೊನೆಯ ಪೂರ್ತಿ ದಿನಕ್ಕೆ ಕೆಲವು ಕಿವಿಮಾತು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯಿಂದ ಲಕ್ಷದ್ವೀಪಕ್ಕೆ ಹೊರಡುವ ಮಕ್ಕಳೇ, ಕೊಚ್ಚಿಯಲ್ಲಿ ಹಡಗು ಹತ್ತಿ ಕವರತ್ತಿ, ಕಲ್ಪೇನಿ, ಮಿನಿಕಾಯ್ ನೋಡಿಬರುವ ‘ಸಮುದ್ರಂ’ ಪ್ರವಾಸ ಐದು ದಿನದ್ದು. ಹಗಲು ದ್ವೀಪದಲ್ಲಿ, ರಾತ್ರಿ ಹಡಗಿನಲ್ಲಿ. ನಾಲ್ಕನೇ ದಿನ ಬೆಳಗಾಯಿತೆಂದರೆ ನಮ್ಮವರ ಮನಸ್ಸು ಆಗಲೇ ಊರು ಸೇರಿಬಿಡುತ್ತದೆ. ಡೇರಿಗೆ ಹಾಲು ಹಾಕಿದರೋ, ಮಂಡಿಯಲ್ಲಿ ಟೊಮೆಟೊ ಏನು ರೇಟೋ ಎಂಬ ಚಿಂತೆ. ಆ ದಿನವನ್ನು ಹಾಗೆ ಕಳೆದುಕೊಳ್ಳಬೇಡಿ.

• ಬ್ಯಾಗು ತುಂಬುವ ಕೆಲಸವನ್ನು ಹಿಂದಿನ ರಾತ್ರಿಯೇ ಮುಗಿಸಿ. ಕೊನೆಯ ದಿನಕ್ಕೆ ಒಂದು ಜೊತೆ ಬಟ್ಟೆ, ಟವೆಲು, ಮಾತ್ರೆ, ಟೋಪಿ ಹೊರಗಿದ್ದರೆ ಸಾಕು. ಉಪ್ಪುನೀರಲ್ಲಿ ನೆನೆದ ಬಟ್ಟೆಗೆ ಬೇರೆ ಪ್ಲಾಸ್ಟಿಕ್ ಕವರು ಇರಲಿ.

• ಪರ್ಮಿಟ್ಟು, ಆಧಾರ್ ಕಾರ್ಡು ದೊಡ್ಡ ಬ್ಯಾಗಿನ ತಳಕ್ಕೆ ಹೋಗಬಾರದು. ಕೊಚ್ಚಿಯಲ್ಲಿ ಇಳಿಯುವ ತನಕ ಕೈಚೀಲದಲ್ಲೇ ಇರಲಿ.

• ಹಡಗು ಸಾಮಾನ್ಯವಾಗಿ ಹವಳದಿಬ್ಬದ ಆಚೆಗೆ ನಿಲ್ಲುತ್ತದೆ, ದ್ವೀಪಕ್ಕೆ ಸಣ್ಣ ದೋಣಿಯಲ್ಲಿ ಹೋಗಬೇಕು. ಆಗ ಎರಡೂ ಕೈ ಖಾಲಿ ಇರಲಿ. ಅಲೆ ದೋಣಿಯನ್ನು ಮೇಲೆತ್ತಿದಾಗ ಸಿಬ್ಬಂದಿ ಕೈಹಿಡಿದು ದಾಟಿಸುತ್ತಾರೆ, ಅವರು ಹೇಳುವ ಮೊದಲು ಕಾಲೆತ್ತಬೇಡಿ. ಮೂರು ದಿನದ ಅಭ್ಯಾಸ ಆಯಿತಲ್ಲ ಎಂಬ ಧೈರ್ಯದಲ್ಲೇ ಜನ ಜಾರುವುದು. ಹೆಂಗಸರಿಗೆ ಆ ದಿನ ಸೀರೆಗಿಂತ ಚೂಡಿದಾರ್ ವಾಸಿ.

• ನೀರಿನ ವಿಷಯ ಸ್ವಲ್ಪ ಹೆಚ್ಚು ಹೇಳುತ್ತೇನೆ, ಅದು ನಮಗೆ ಗೊತ್ತಿರುವ ಕಷ್ಟ. ಆ ದ್ವೀಪಗಳಲ್ಲಿ ನದಿಯಿಲ್ಲ, ನಮ್ಮಲ್ಲೂ ವರ್ಷವಿಡೀ ಹರಿಯುವ ನದಿಯಿಲ್ಲ. ಸಾವಿರ ಅಡಿಗೂ ಮೀರಿ ಬೋರ್‌ವೆಲ್ ಕೊರೆಸಿದವರು ನಾವು. ಕವರತ್ತಿಯಲ್ಲಿ 2005ರಿಂದ ಸಮುದ್ರದ ನೀರನ್ನೇ ಕುಡಿಯುವ ನೀರಾಗಿಸುವ ಘಟಕವಿದೆ. ಸುಮಾರು 350 ಮೀಟರ್ ಆಳದಿಂದ, ಅಂದರೆ ನಮ್ಮ ಬೋರ್‌ವೆಲ್‌ನಷ್ಟೇ ಆಳದಿಂದ, ತಣ್ಣನೆಯ ನೀರು ಎತ್ತುತ್ತಾರೆ. ಮೇಲಿನ ಬೆಚ್ಚನೆಯ ನೀರನ್ನು ಗಾಳಿಯ ಒತ್ತಡ ಇಳಿಸಿದ ತೊಟ್ಟಿಯಲ್ಲಿ ಆವಿಯಾಗಿಸಿ, ಆ ತಣ್ಣೀರಿನಿಂದ ಆವಿಯನ್ನು ತಂಪುಮಾಡಿ ಸಿಹಿನೀರು ಪಡೆಯುತ್ತಾರೆ. ದಿನಕ್ಕೆ ಒಂದು ಲಕ್ಷ ಲೀಟರ್ ಕೊಡುವಂತೆ ಕಟ್ಟಿದ್ದು. ಕೊನೆಯ ದಿನ ಎಲ್ಲರೂ ಸಮುದ್ರಸ್ನಾನ ಮುಗಿಸಿ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಾರೆ. ಕೋಲಾರದವರು ಹಾಗೆ ನಿಲ್ಲಬಾರದು. ಮೈಮೇಲಿನ ಉಪ್ಪು ಹೋಗಲು ಒಂದು ಬಕೆಟ್ ಸಾಕು.

• ಮಕ್ಕಳು ಹವಳದ ತುಂಡು ಹೆಕ್ಕಿ ಜೇಬಿಗೆ ಹಾಕಿಕೊಳ್ಳುತ್ತಾರೆ, ಹಡಗು ಹತ್ತುವ ಮೊದಲು ಜೇಬು ನೋಡಿ. ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಅಲ್ಲಿ ಮಣ್ಣು ತಂದು ಹಾಕುವ ಹೊಳೆಯಿಲ್ಲ, ಹವಳ ಪುಡಿಯಾಗಿಯೇ ಆ ಮರಳಾಗಿದೆ. ನೀರೊಳಗೆ ಹವಳದ ಮೇಲೆ ನಿಲ್ಲುವುದೂ ಬೇಡ. ತರುವುದಾದರೆ ತೆಂಗು-ಬೆಲ್ಲದ ಸಿಹಿ ತನ್ನಿ, ಮೀನು ತಿನ್ನುವವರು ಒಣಗಿಸಿದ ಟ್ಯೂನಾ ತನ್ನಿ.

• ಕೊನೆಯ ದ್ವೀಪ ಮಿನಿಕಾಯ್ ಆದರೆ 1885ರ ದೀಪಸ್ತಂಭ ನೋಡದೆ ಬರಬೇಡಿ. ಹತ್ತಲು ಬಿಟ್ಟರೆ ಬಿಸಿಲೇರುವ ಮೊದಲೇ ಹತ್ತಿ. ಅಂತರಗಂಗೆಯ ಮೆಟ್ಟಿಲು ಹತ್ತಿದ ಕಾಲಿಗೆ ಅದು ಕಷ್ಟವಲ್ಲ. ಮಂಡಿನೋವಿನವರು ಕೆಳಗೇ ಕೂರಿ.

• ಊರೊಳಗೆ ಓಡಾಡುವಾಗ ಮೈತುಂಬ ಬಟ್ಟೆಯಿರಲಿ, ಫೋಟೊ ತೆಗೆಯುವ ಮುನ್ನ ಕೇಳಿ. ದ್ವೀಪದವರೊಂದಿಗೆ ಮಾತನಾಡಿ, ನಾವು ಅವರಿಗೆ ಪೂರ್ತಿ ಹೊರಗಿನವರಲ್ಲ. ಲಕ್ಷದ್ವೀಪದಲ್ಲೇ ಇರುವ ಅಮಿನಿ ಕಡೆಯ ದ್ವೀಪಗಳು 1787ರಲ್ಲಿ ಟಿಪ್ಪುವಿನ ಆಡಳಿತಕ್ಕೆ ಬಂದವು. ಅವನ ತಂದೆ ಹೈದರಾಲಿ ಹುಟ್ಟಿದ್ದು ನಮ್ಮ ಬೂದಿಕೋಟೆಯಲ್ಲಿ. ಟಿಪ್ಪುವಿನ ನಂತರ ಅವು ದಕ್ಷಿಣ ಕನ್ನಡಕ್ಕೆ ಸೇರಿ 1956ರವರೆಗೆ ಹಾಗೇ ಇದ್ದವು.

• ದ್ವೀಪ ಬಿಡುವ ಮೊದಲೇ ಮನೆಗೆ ಫೋನ್ ಮಾಡಿ, ರಾತ್ರಿಯಿಡೀ ಸಿಗುವುದಿಲ್ಲವೆಂದು ತಿಳಿಸಿ. ನಡುಸಮುದ್ರದಲ್ಲಿ ಸಿಗ್ನಲ್ ಇರುವುದಿಲ್ಲ. ಇಲ್ಲಿ ಮುದುಕರು ಅದೇ ನಂಬರು ಒತ್ತುತ್ತಾ ನಿದ್ದೆಗೆಡುತ್ತಾರೆ.

• ಸಂಜೆ ಡೆಕ್ಕಿನ ಮೇಲೆ ಎಲ್ಲರೂ ಒಟ್ಟಿಗೆ ಕೂರಿ. ಲೆಕ್ಕ, ಜಗಳ, ಯಾರು ಎಷ್ಟು ಕೊಡಬೇಕು ಎಂಬುದೆಲ್ಲ ಊರಿಗೆ ಬಂದಮೇಲಾಗಲಿ. ನಿಮ್ಮ ಅಜ್ಜಿ ಸಮುದ್ರ ನೋಡುತ್ತಿರುವುದು ಇದೇ ಮೊದಲಾದರೆ, ಆ ಹೊತ್ತು ಅವರ ಪಕ್ಕದ ಕುರ್ಚಿ ಖಾಲಿ ಬಿಡಬೇಡಿ.

• ರಾತ್ರಿ ಖಾಲಿ ಹೊಟ್ಟೆಯಲ್ಲಿ ಮಲಗಬೇಡಿ, ಓಲಾಟಕ್ಕೆ ವಾಂತಿ ಹೆಚ್ಚು. ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ಹಡಗು ಹೊರಡುವ ಮುಂಚೆಯೇ ನುಂಗಿ. ಬಿಪಿ, ಶುಗರ್ ಮಾತ್ರೆ ತಪ್ಪಿಸಬೇಡಿ.

• ವಾಪಸು ರೈಲನ್ನು ಬೆಳಗಿಗೆ ಬುಕ್ ಮಾಡಬೇಡಿ, ಹಡಗು ತಡವಾಗಬಹುದು. ಸಂಜೆ ಎರ್ನಾಕುಲಂ ಟೌನ್‌ನಿಂದ ಐಲ್ಯಾಂಡ್ ಎಕ್ಸ್‌ಪ್ರೆಸ್ ಅನುಕೂಲ. ಹಿಂದೆ ಅದು ವಿಲಿಂಗ್ಡನ್ ದ್ವೀಪದ ಹಾರ್ಬರ್ ಟರ್ಮಿನಸ್ಸಿಗೇ ಹೋಗುತ್ತಿತ್ತು, ನೀವು ಹಡಗಿಂದ ಇಳಿಯುವುದೂ ಆ ದ್ವೀಪದಲ್ಲೇ. ಬಂಗಾರಪೇಟೆ ಬರುವುದು ಬೆಳಗಿನ ಜಾವ, ಅಲಾರಂ ಇಟ್ಟುಕೊಳ್ಳಿ. ಒಂದೆರಡು ದಿನ ಕಾಲಡಿಯ ನೆಲ ತೂಗಿದಂತಾಗುತ್ತದೆ, ಹೆದರಬೇಡಿ, ತಾನಾಗಿ ಹೋಗುತ್ತದೆ. ಆದರೆ ಸ್ಟೇಷನ್ನಿನಲ್ಲಿ ಬಿಟ್ಟುಹೋದ ಬೈಕನ್ನು ನೀವೇ ಓಡಿಸಬೇಡಿ, ಮನೆಯಿಂದ ಯಾರನ್ನಾದರೂ ಕರೆಸಿಕೊಳ್ಳಿ.